ತಗಡಿನ ಮೇಲಿನ ಎಡಗೈ

ನನ್ನ ಹೆಂಡತಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡುಗಳನ್ನು ಮಾಡಿಕೊಡುತ್ತಿದ್ದಳು. ನಾನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿಕಲ್ಲಿಗೆ ಪಾಲಿಶ್ ಮಾಡುವವನು. ಕಂಪ್ಯೂಟರಿನ ಉಕ್ಕಿನ ಕ್ಯಾಬಿನೆಟ್ಟು ಹಳೆಯದಾಗಿ ಬಣ್ಣ ಬಿಟ್ಟಿತ್ತು. ಹೊಸದು ಬೇಡ, ಬಣ್ಣ ಹಚ್ಚಿದರಾಯಿತು ಎಂದು ಅವಳು ಅದರ ಪಕ್ಕದ ತಗಡನ್ನು ಬಿಚ್ಚಿ, ಹೊಳೆಯುವ ತನಕ ಉಜ್ಜಿದಳು. ಬೇಸಿಗೆಯ ಮಧ್ಯಾಹ್ನ ಅದು. ಬೆವರಿದ ಎಡಗೈಯನ್ನು ತಗಡಿನ ಮೇಲೆ ಊರಿ ಎದ್ದಳು. ಬಣ್ಣ ನಾಳೆ ಎಂದಳು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ.

ನಮ್ಮವರಲ್ಲಿ ಸುಡುವುದಿಲ್ಲ. ಕುಳ್ಳಿರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಮಣ್ಣು ಎದೆಯವರೆಗೆ ಬರುವಾಗ ನಾನು ಆ ಅಂಗೈಯನ್ನೇ ನೋಡುತ್ತಿದ್ದೆ. ಮುಖ ನೋಡಲು ಆಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ತಗಡಿನಲ್ಲಿ ಆ ಕೈ ಎದ್ದು ಬಂತು. ಮೊದಲು ನಾಲ್ಕು ಬೆರಳ ತುದಿ, ಆಮೇಲೆ ಹೆಬ್ಬೆರಳು, ಆಮೇಲೆ ಅಂಗೈ. ತೆಳು ಕಂದು ಬಣ್ಣದ ತುಕ್ಕು. ಬೆವರು ತಾಗಿದ ಉಕ್ಕು ಹಾಗಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ದಿನಾ ಕೆಲಸಕ್ಕೆ ಹೋಗುವ ಮುಂಚೆ ಅದರ ಮೇಲೆ ನನ್ನ ಕೈ ಇಟ್ಟು ನೋಡುತ್ತಿದ್ದೆ. ಅವಳ ಬೆರಳುಗಳು ನನ್ನ ಬೆರಳಿಗಿಂತ ಗಿಡ್ಡ. ದಸರೆಯ ಹೊತ್ತಿಗೆ ಎರಡೂ ಸಮವಾದವು.

ತಾಯಿಯ ಕೆಲಸವನ್ನು ಮಗಳು ಮುಂದುವರಿಸಿದ್ದಳು. ಆದರೆ ತಗಡಿಲ್ಲದೆ ತೆರೆದಿದ್ದ ಕಂಪ್ಯೂಟರಿನೊಳಗೆ ನಮ್ಮ ಊರಿನ ಕಲ್ಲುಪುಡಿ ತುಂಬಿ, ಅದು ಪದೇ ಪದೇ ನಿಂತುಹೋಗುತ್ತಿತ್ತು. ಸೇಡಂನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹೆಂಡತಿಯ ತಮ್ಮ ನೋಡಲು ಬಂದ.

"ಮಾವಾ, ಹೊಸದು ಅಲ್ಯುಮಿನಿಯಂದು ತಗೋರಿ. ಹಗೂರ ಇರ್ತದ, ಜಂಗ್ ಹಿಡಿಯಂಗಿಲ್ಲ."

"ಬಡಿದ್ರ ತಗ್ಗು ಬೀಳ್ತದಲ್ಲೋ?"

"ನೀವು ಕಲ್ಲಿನ ಮಂದಿ, ನಾಲ್ಕು ಮಂದಿ ಎತ್ತಿದ್ರನ ನಿಮಗ ಸಾಮಾನು! ಇದನ್ನೇನು ಬಡೀತೀರಿ, ಮದ್ದಲಿ ಏನಿದು?"

ಮಗಳು ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

"ಇಲ್ಲಾಂದ್ರ ಇದೇ ಉಕ್ಕಿಂದನ್ನ ಇಟ್ಕೋರಿ. ಗಟ್ಟಿ ಅದ, ಸಪ್ಪಳ ಕಮ್ಮಿ. ಆ ತಗಡು ಕೊಡ್ರಿ, ಉಜ್ಜಿ ಬಣ್ಣ ಹೊಡ್ಸಿ ತರ್ತೀನಿ."

ಉಜ್ಜಿದರೆ ಕೈ ಹೋಗುತ್ತದೆ. "ನಿಮ್ಮಕ್ಕನ ಕೈ ಅದ ಇದರಾಗ," ಎಂದು ತಗಡನ್ನು ತಂದು ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದ.

"ಮಾವಾ, ಇದು ಅಕ್ಕನ ಕೈ ಅಲ್ಲ. ಅಕ್ಕನ ಕೈ ಇಷ್ಟು ದೊಡ್ಡದಿದ್ದಿಲ್ಲ."

"ಬೆಳೀಲಿಕತ್ತದ," ಎಂದೆ.

ಮಗಳ ಮುಖದಿಂದ ನಗು ಇಳಿಯಿತು. "ಅಪ್ಪಾ, ಅದನ್ನ ಒಳಗ ಇಡ್ರಿ. ಅದು ಎದುರಿಗೆ ಇದ್ರ ನನಗ ಟೈಪ್ ಮಾಡ್ಲಿಕ್ಕೆ ಆಗಂಗಿಲ್ಲ."

ಅಲ್ಯುಮಿನಿಯಂದು ತರಿಸುವುದೋ ಬೇಡವೋ, ವಿಚಾರ ಮಾಡಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ. ತಗಡನ್ನು ಒಳಕೋಣೆಯ ಕಲ್ಲಿನ ಹಲಗೆಯ ಮೇಲೆ ನಿಲ್ಲಿಸಿ, ಕೈಯಿದ್ದ ಮಗ್ಗುಲನ್ನು ಗೋಡೆಗೆ ಮಾಡಿ, ಅದು ಜಾರದಂತೆ ಹೆಂಡತಿ ಬಿಟ್ಟುಹೋದ ಕಾರ್ಡಿನ ಕಟ್ಟುಗಳನ್ನು ಎದುರಿಗೆ ಒತ್ತಿಟ್ಟೆ. ನಮ್ಮ ಗೋಡೆಗೂ ಪರ್ಸಿಕಲ್ಲೇ. ಆ ವರ್ಷ ಹಿಂಗಾರಿ ಮಳೆ ಬಿಡದೆ ಸುರಿದು ಗೋಡೆಯೆಲ್ಲ ತೇವವಾಗಿತ್ತು. ನಾನು ಮಾತ್ರ ದಿನವೂ ವಿಚಾರ ಮಾಡುತ್ತಲೇ ಇದ್ದೆ. ಹೊಸದನ್ನು ತಂದರೆ ತಗಡು ಉಳಿಯುತ್ತದೆ. ಆದರೆ ತುಕ್ಕು ಹರಡಿ ಹರಡಿ ಕಡೆಗೆ ಅದು ಯಾರ ಕೈಯೂ ಆಗಿರುವುದಿಲ್ಲ. ಅಷ್ಟರೊಳಗೆ ಕಂಪ್ಯೂಟರ್ ಪೂರ್ತಿ ಕೆಟ್ಟಿತು. ಮಗಳು ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದಳು, ನನ್ನನ್ನು ಬೈಯುತ್ತಿರಲಿಲ್ಲ. ಅದಕ್ಕೇ ನಾನು ಸೋತೆ. ಉಕ್ಕಿನದೇ ಇರಲಿ, ಬಂದು ತಗಡು ಒಯ್ಯಿ ಎಂದು ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ.

ಅವನು ಬಂದ ದಿನ ಕಟ್ಟುಗಳನ್ನು ಸರಿಸಿ ತಗಡು ಎತ್ತಿದೆ. ಗೋಡೆಯ ಕಲ್ಲಿನಲ್ಲಿ ಕೈ ಇತ್ತು.

ಒದ್ದೆ ಕಲ್ಲಿನ ಮೇಲೆ ಕಬ್ಬಿಣ ಇಡಬೇಡಿ, ಕಲೆ ಒಳಗಿಳಿದರೆ ಪಾಲಿಶ್‌ಗೂ ಹೋಗುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಹೇಳುವವನು ನಾನೇ. ಆದರೆ ನಾನು ಬೆಚ್ಚಿದ್ದು ಕಲೆಗಲ್ಲ. ಅಚ್ಚು ತಿರುಗಿ ಬಿದ್ದಿತ್ತು, ಬಲಕ್ಕಿರಬೇಕಾದ ಹೆಬ್ಬೆರಳು ಎಡ ಮಗ್ಗುಲಿಗೆ ಬಂದಿತ್ತು. ನಮ್ಮ ಕಡೆಯಿಂದ ಊರಿದ ಎಡಗೈ ಹಾಗೆ ಮೂಡುವುದಿಲ್ಲ. ಕಲ್ಲಿನ ಒಳಗಿನಿಂದ ಯಾರಾದರೂ ಎಡಗೈಯನ್ನು ಒತ್ತಿ ಹಿಡಿದರೆ ಮಾತ್ರ ಹಾಗೆ ಕಾಣುತ್ತದೆ.

"ಒಯ್ಯಪ್ಪ," ಎಂದೆ. ಅವನು ತಗಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಚಹಾ ಸಹ ಕುಡಿಯದೆ ಸೇಡಂಗೆ ಹೊರಟ.

ಕಂಪ್ಯೂಟರ್ ಈಗ ನಡೆಯುತ್ತಿದೆ, ತಗಡಿಗೆ ಕಪ್ಪು ಬಣ್ಣ ಬಂದಿದೆ. ಗೋಡೆಯ ಕೈಯ ಮೇಲೆ ಮಗಳು ಕ್ಯಾಲೆಂಡರ್ ತೂಗುಹಾಕಿದ್ದಾಳೆ. ತಿಂಗಳ ಹಾಳೆ ಮಗುಚುವ ಕೆಲಸ ನನ್ನದು. ಮಗುಚುವಾಗ ಕೆಳಗಿನ ಅಂಚನ್ನು ನೋಡುತ್ತೇನೆ, ಮಣಿಕಟ್ಟು ಕಾಣಿಸಿಕೊಂಡಿದೆಯೇ ಎಂದು.