ಪೆಟ್ಟಿಗೆಯ ಬಾಯಿಗೆ ಬೆಲ್ಲ

ಯುಎಸ್‌ಬಿ ಕೇಬಲ್ ಕೀಳುತ್ತಲೇ ಪೆಟ್ಟಿಗೆಯ ತೂತಿನಿಂದ ಒಂದು ಇರುವೆ ಹೊರಬಂತು! ಅದರ ಹಿಂದೆ ಇನ್ನೊಂದು!

2006ರ ಸುಮಾರಿಗೆ, ಸಂಖ ಎಂಬ ಊರಿನ ನಮ್ಮ ಮನೆಯಲ್ಲಿ, ಸೊಂಟ ಮುರಿದು ಮಲಗಿದ್ದ ಸೋದರತ್ತೆಗಾಗಿ ನಾನೇ ಮಾಡಿ ಅವಳ ಮಂಚದ ಪಕ್ಕ ಇಟ್ಟಿದ್ದ ಪೆಟ್ಟಿಗೆ ಅದು. ಮಲಗಿದಲ್ಲೇ ಬಟನ್ನು ಒತ್ತಿದರೆ ಕೋಣೆಯ ದೀಪ, ಫ್ಯಾನು ಚಾಲೂ ಆಗಬೇಕು. ಗಾಳಿಗೂ ಬೆಳಕಿಗೂ ಯಾರನ್ನಾದರೂ ಕೂಗಿ ಕೂಗಿ ಅವಳಿಗೆ ಸಾಕಾಗಿತ್ತು. ಪೆಟ್ಟಿಗೆಗೆ ಕಂಪ್ಯೂಟರಿನಿಂದ ಪ್ರೋಗ್ರಾಮು ಇಳಿಸಬೇಕು. ಮುಂಜಾನೆಯಿಂದ ಕಂಪ್ಯೂಟರು ಪೆಟ್ಟಿಗೆಯನ್ನು ಗುರುತಿಸಲೊಲ್ಲದು. ಕೇಬಲ್ ಬದಲಿಸಿದ್ದೆ, ಡ್ರೈವರ್ ಮತ್ತೆ ಹಾಕಿದ್ದೆ. ಈಗ ಇರುವೆ!

“ಅತ್ತಿ, ಇದರಾಗ ಏನರ ಹಾಕೀಯೇನು?”

“ನಿನ್ನಿ ಖಂಡೇನವಮಿ ಪೂಜಿ ಆತಲ್ಲೋ. ಕುಡಗೋಲು, ಕೊಡ್ಲಿ ಎಲ್ಲಾಕೂ ನೈವೇದ್ಯ ಹಿಡದ್ವಿ. ಬಾಯಿ ಇರೂದು ಇದಕ್ಕೊಂದಕ್ಕ, ಇದನ್ನ ಉಪವಾಸ ಕೆಡವಲೇನು? ಒಂದೀಟು ಬೆಲ್ಲ ತುರುಕೀನಿ!”

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಬೆಲ್ಲ ತೆಗೆದೆ. ಒಣಗಿಸಿ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರು ಟಿಡಿಂಗ್ ಎಂದಿತು! ಪ್ರೋಗ್ರಾಮು ಇಳಿಯಿತು! ಅತ್ತೆ ಬಟನ್ನು ಒತ್ತಿದಳು. ಮೊದಲು ತಿರುಗಿದ್ದು ಫ್ಯಾನೆಂದು ನಾನು, ಹತ್ತಿದ್ದು ದೀಪವೆಂದು ತಂಗಿ ಇವತ್ತಿಗೂ ಜಗಳಾಡುತ್ತೇವೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಅತ್ತೆ ಆರಿಸಿ, ಹಚ್ಚಿ, ಮತ್ತೆ ಆರಿಸಿ, “ಇನ್ನ ಯಾರೂ ಏಳಬ್ಯಾಡ್ರಿ!” ಎಂದು ಕೂಗಿದ್ದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಮರುವರ್ಷದ ಖಂಡೇನವಮಿಗೆ ಪೆಟ್ಟಿಗೆಯ ಬಾಯಿಗೆ ಟೇಪು ಅಂಟಿಸಿಟ್ಟಿದ್ದೆ. ಅತ್ತೆ ಅದನ್ನು ನೋಡಿದಳು, ನನ್ನನ್ನು ಹತ್ತಿರ ಕರೆದಳು, ಬೆಲ್ಲವನ್ನು ನನ್ನ ಬಾಯಿಗೇ ತುರುಕಿದಳು. “ಮಾಡಿದಾವ ತಿಂದ್ರ ಅದಕ್ಕ ಮುಟ್ಟತೈತಿ.”