ಗಂಗವ್ವನ ಸೀರೆ, ಬಚ್ಚಪ್ಪನ ಚಕ್ರ

"ಚಕ್ರದಿಂದ ಕೆಳಗಿನ ನೀರು ಎಂಜ್ಲು ಕಣಮ್ಮ. ಎಂಜ್ಲು ನೀರಾಗೆ ಗಂಗವ್ವಂಗೆ ಸೀರೆ ಬುಡೋಕಾಯ್ತದಾ?"

ಹಟ್ಟಿಯ ಹಿರಿಯ ಲಕ್ಷ್ಮಣಪ್ಪ ಹೀಗೆ ಕೇಳಿದರೆ, ಅವರ ಸತ್ತ ತಮ್ಮನ ಹೆಂಡತಿ ಶ್ಯಾಮಲಮ್ಮ ಕುಡುಗೋಲು ಮಸೆಯುವುದನ್ನು ನಿಲ್ಲಿಸಲಿಲ್ಲ.

"ಚಕ್ರ ಏನ್ ನೀರು ಕುಡಿದು ಉಗೀತದಾ ಬಾವ? ನೀರು ತಳ್ತದೆ, ಅದು ತಿರುಗ್ತದೆ. ಬೇಕಾದ್ರೆ ಈ ಕಾಲೇಜ್ ಹುಡ್ಗೀನ್ ಕೇಳಿ."

ನನ್ನನ್ನು ಯಾರೂ ಕೇಳಲಿಲ್ಲ. ನಾನೋ ಚಕ್ರದ ಪಕ್ಕದ ಆ ಗುಡಿಸಲಿನ ಬಲ್ಬನ್ನೇ ನೋಡುತ್ತಿದ್ದೆ. ಹಾಡಹಗಲಲ್ಲಿ, ಡೆಂಕಣಿಕೋಟೆಯಿಂದಾಚೆ, ೧೯೮೨ರಲ್ಲೂ ಕರೆಂಟ್ ಕಂಬ ಕಾಣದ ಈ ಕಾಡಂಚಿನ ಹಟ್ಟಿಯಲ್ಲಿ ಬಲ್ಬು ಉರಿಯುತ್ತಿತ್ತು! ಹೊಳೆಯ ಒಡ್ಡು ನನ್ನ ಎದೆಯೆತ್ತರವೂ ಇಲ್ಲ. ಅಷ್ಟರಿಂದ ಬೀಳುವ ನೀರು ಜಾಲಿ ಮರದ ಚಕ್ರವನ್ನು ತಿರುಗಿಸಿ, ಚಕ್ರ ಬೆಲ್ಟನ್ನು ಎಳೆದು, ಬೆಲ್ಟು ಹಳೇ ಲಾರಿಯ ಡೈನಮೋವನ್ನು ಗಿರಗಿರನೆ ಸುತ್ತಿಸಿ, ಅಬ್ಬಾ, ಬೆಂಗಳೂರಿನ ಕಾಲೇಜಿನಲ್ಲಿ ಪುಸ್ತಕದ ಚಿತ್ರ ನೋಡಿ ಬೇಸತ್ತು, ರಜೆಗೆ ಕೆಲಮಂಗಲದ ಮನೆಗೆ ಬಂದಾಗ ಇದನ್ನು ನೋಡಲೆಂದೇ ಓಡಿಬಂದಿದ್ದ ನನಗೆ ಕುಣಿಯುವಂತಾಗಿತ್ತು.

ಆ ಕುಣಿತ ಹೆಚ್ಚು ಹೊತ್ತು ಉಳಿಯಲಿಲ್ಲ.

ಚಕ್ರ ಕಟ್ಟಿದವರು ಶ್ಯಾಮಲಮ್ಮನ ಗಂಡ ಬಚ್ಚಪ್ಪ. ಹೊಸೂರಿನ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದರು. ರಜೆ ಬಂದಾಗಲೆಲ್ಲ ಹೊಳೆಗೆ ಇಳಿಯುತ್ತಿದ್ದರಂತೆ. ಮೊದಲ ಬಲ್ಬನ್ನು ಮನೆಯಲ್ಲಿ ಹಾಕಲಿಲ್ಲ, ರಾಗಿ ಹೊಲದ ಅಂಚಿನಲ್ಲಿ ಕಟ್ಟಿದರು. ಆನೆಗಳು ಆ ಬೆಳಕು ಕಂಡು ಹಿಂದೆ ಸರಿದವು. ಊರಿನವರು ಬಚ್ಚಪ್ಪನನ್ನು ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ಆಡಿ ಹದಿನೆಂಟರಂದು, ತಮಿಳು ಸೀಮೆಯ ಹೊಸ ನೀರಿನ ಹಬ್ಬದ ದಿನ, ಹೊಳೆಗೆ ಹೊಸ ನೀರು ಬಂತು. ಆ ದಿನ ಹೆಂಗಸರು ಅರಿಶಿನ ಹಚ್ಚಿದ ಸೀರೆಯನ್ನು ಹೊಳೆತಾಯಿ ಗಂಗವ್ವನಿಗೆಂದು ನೀರಿಗೆ ಬಿಡುತ್ತಾರೆ. ಅದು ಒಡ್ಡಿನ ಮೇಲಿನ ಮೆಟ್ಟಿಲಲ್ಲೇ ನಡೆದುಬಂದ ಪದ್ಧತಿ. ಶ್ಯಾಮಲಮ್ಮನೂ ಬಿಟ್ಟರು. ಸೀರೆ ತೇಲಿ ಬಂದು ಚಕ್ರಕ್ಕೆ ಸುತ್ತಿಕೊಂಡಿತು. ಚಕ್ರ ನಿಂತಿತು. ನೀರಿಗೆ ಅಡ್ಡ ಹಾಕುವ ಹಲಗೆ ಇತ್ತು, ಆದರೆ ಹೊಸ ನೀರು ಅದರ ಮೇಲೂ ಹರಿಯುತ್ತಿತ್ತು. ಬಚ್ಚಪ್ಪ ಚಕ್ರದ ಒಳಗೆ ನುಗ್ಗಿದರು. ಕೈಯಲ್ಲಿ ಕುಡುಗೋಲು ಇತ್ತು. ಆದರೆ ದೇವರ ಸೀರೆಗೆ ಕಬ್ಬಿಣ ತಾಗಿಸುವಂತಿಲ್ಲ. ಕುಡುಗೋಲನ್ನು ದಡಕ್ಕೆ ಎಸೆದು ಬರಿಗೈಯಲ್ಲಿ ಒಂದೊಂದೇ ಸುತ್ತು ಬಿಚ್ಚಿದರು. ಕೊನೆಯ ಸುತ್ತು ಬಿಚ್ಚಿದ್ದೇ ತಡ, ಚಕ್ರ ತಿರುಗಿತು. ಬಚ್ಚಪ್ಪನನ್ನು ಕೆಳಗಿನ ಮಡುವಿನಿಂದ ಎತ್ತಿದಾಗ ಸೀರೆ ಇನ್ನೂ ಅವರ ಮುಷ್ಟಿಯಲ್ಲೇ ಇತ್ತಂತೆ.

ಅಂದಿನಿಂದ ಬೆಲ್ಟು ಬಿಗಿಯುವುದು, ಗ್ರೀಸ್ ಹಾಕುವುದು ಎಲ್ಲ ಶ್ಯಾಮಲಮ್ಮನೇ. ಈ ಸಲ ಸೀರೆಯನ್ನು ಚಕ್ರದ ಕೆಳಗೆ ಬಿಡಿ ಎನ್ನುವುದಷ್ಟೇ ಅವರ ಬೇಡಿಕೆ.

"ಆಗಾಕಿಲ್ಲ," ಎಂದರು ಲಕ್ಷ್ಮಣಪ್ಪ. "ಅಂಗಾದ್ರೆ ಚಕ್ರಾನೇ ಕಿತ್ತಾಕನ ಅಂತಾವ್ರೆ ಎಲ್ರೂ."

"ಕಿತ್ತಾಕ್ರಿ. ಆನೆ ಬಂದಾಗ ನೀವೇ ಹೋಗಿ ಹಲ್ ಕಿರ್ದು ನಿಂತ್ಕಳಿ, ಬೆಳಕಾಯ್ತದೆ."

ನಗು ಬಂದುಬಿಟ್ಟಿತು. ಮುದುಕರು ನನ್ನತ್ತ ಕಣ್ಣು ಬಿಟ್ಟ ಮೇಲೆ ನುಂಗಿಕೊಂಡೆ.

"ಯಾರ್ ಎಲ್ಲಾದ್ರೂ ಬುಟ್ಕಳಿ," ಶ್ಯಾಮಲಮ್ಮ ಎದ್ದರು. "ಚಕ್ರುಕ್ಕೆ ಸಿಕ್ಕಿದ್ ಸೀರೆನ ನಾನ್ ಕುಯ್ತೀನಿ."

"ಗಂಗವ್ವನ್ ಸೀರೆಗೆ ಕುಡ್ಲಾ? ಅವತ್ತು ಕುಡ್ಲು ಹಾಕ್ಬ್ಯಾಡಿ ಅಂತ ದಡದ್ ಮ್ಯಾಲ್ ನಿಂತು ಕೂಗ್ದೋಳು ನೀನೇ ಅಲ್ವಾ?"



"ಹೂಂ. ನಾನೇ," ಎಂದರು ಶ್ಯಾಮಲಮ್ಮ. "ಅದ್ಕೇ ಮಸೀತಿರೋದು."

ಲಕ್ಷ್ಮಣಪ್ಪ ಟವಲಿನ ತುದಿ ತಿರುವಿದರು. ತಮ್ಮನನ್ನು ಮಡುವಿನಿಂದ ಎತ್ತಿದವರು ಅವರೇ.

"ಒಬ್ಳೇ ಇಳೀತೀಯಾ?"

"ನಡುಕ್ಕೆ ಹಗ್ಗ ಕಟ್ಕಂಡು. ಹಿಡ್ಕಳಾಕೆ ಈ ಹುಡ್ಗಿ ಬತ್ತಾಳೆ. ಅಲ್ವೇನವ್ವಾ?"

ನಾನು ಜೋರಾಗಿ ತಲೆಯಾಡಿಸಿದೆ.

"ಈ ಕಡ್ಡೀನಾ? ನಿನ್ಜೊತೆಗೆ ಇದೂ ಹೊಳೆ ಪಾಲಾಯ್ತದೆ," ಎಂದು ಮುದುಕರು ಎದ್ದು ನಡೆದರು. ಬಾಗಿಲಲ್ಲಿ ತಿರುಗದೆಯೇ ಅಂದರು: "ಹಗ್ಗ ದಡದ್ ಹೊಂಗೆ ಮರಕ್ಕೆ ಕಟ್ಟು. ಊರೋರು ಬೈಯ್ಯದು ಬೈತಾರೆ. ನಾನೂ ಬೈತೀನಿ. ಬೈತಾ ಹಗ್ಗದ್ ತಾವೇ ನಿಂತಿರ್ತೀನಿ."

ಶ್ಯಾಮಲಮ್ಮ ಹೆಬ್ಬೆರಳಿನಿಂದ ಕುಡುಗೋಲಿನ ಅಲಗು ಮುಟ್ಟಿ ನೋಡಿದರು.

ಆಡಿ ಹದಿನೆಂಟು ಬರುವ ಮಂಗಳವಾರ. ಕೆಲಮಂಗಲದಿಂದ ಮೊದಲ ಬಸ್ಸಿಗೇ ಬರುತ್ತೇನೆ, ನಮ್ಮ ಬಾವಿಯ ಹೊಸ ಹಗ್ಗವನ್ನೂ ತರುತ್ತೇನೆ ಎಂದು ಹೇಳಿ ಹೊರಟೆ.