ಸಂಜೀವಣ್ಣನ ಗಂಟಲು ಕಟ್ಟಿದ ಶನಿವಾರ

ಒಂದೇ ಎಳ್ಳೆಣ್ಣೆ ದೀಪದ ಮುಂದೆ ಕೈ ಮುಗಿಯುವ ಬಂಧುಗಳೇ, ಡೊಂಬಿವಲಿಯ ಜಲಜೆಯ ನಮಸ್ಕಾರ. ಕಳೆದ ಶ್ರಾವಣದಲ್ಲಿ ನನ್ನ ಕೆಲಸಕ್ಕೆ ಬಂದ ಕುತ್ತನ್ನೂ ಶನಿದೇವರು ಅದನ್ನು ಕಳೆದ ಬಗೆಯನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶಯದ ಹೆಂಗಸು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುವವಳು. ಹಾಗಾಗಿ ಇದು ಕಣ್ಣು ಮುಚ್ಚಿ ನಂಬುವವಳ ಮಾತೆಂದು ತಿಳಿಯಬೇಡಿ.

ನಾನು ನೆರೂಳಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಠಾಣೆಯಲ್ಲಿ ರೈಲು ಬದಲಿಸಿ ದಿನಾ ಹೋಗಿಬರುತ್ತೇನೆ. ಎಷ್ಟೋ ವರ್ಷಗಳಿಂದ ಗಂಡಸರ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ಹೊಸ ಮ್ಯಾನೇಜ್‌ಮೆಂಟ್ ಬಂದದ್ದೇ, ಇನ್ನು ಹೊರದೇಶದ ರೋಗಿಗಳೂ ಬರುತ್ತಾರೆ, ಇನ್‌ಚಾರ್ಜ್‌ಗಳೆಲ್ಲ ಇಂಗ್ಲಿಷ್ ಮಾತಾಡುವ ಪರೀಕ್ಷೆ ಪಾಸಾಗಬೇಕು ಎಂದು ಹೇಳಿತು. ಎರಡು ಅವಕಾಶ. ಪಾಸಾಗದವರಿಗೆ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು ಕಟ್ಟುವ ಕೆಲಸ. ಸಂಬಳ ಅಷ್ಟೇ ಸಿಗುತ್ತಿತ್ತು. ಆದರೆ ರೋಗಿಯ ಮುಖವೇ ಕಾಣದ ಮೇಲೆ ನಾನು ಯಾವ ಸೀಮೆಯ ನರ್ಸ್?

ಮನೆಯಲ್ಲಿ ತುಳು, ನಮ್ಮ ಶನಿ ಮಂದಿರದಲ್ಲಿ ಕನ್ನಡ, ರೋಗಿಗಳ ಹತ್ತಿರ ಮರಾಠಿ, ರೈಲಿನಲ್ಲಿ ಸೀಟಿಗೆ ಜಗಳವಾಡಲು ಹಿಂದಿ. ಇಷ್ಟರಲ್ಲೇ ನನ್ನ ಜನ್ಮ ಸಾಗಿತ್ತು. ಇಂಗ್ಲಿಷಿನಲ್ಲಿ ಔಷಧದ ಹೆಸರು ಗೊತ್ತು, ಡಾಕ್ಟರು ಬರೆದದ್ದು ಓದಲು ಬರುತ್ತದೆ. ಅದನ್ನೇ ಸರಾಗವಾಗಿ ಮಾತಾಡುವವರನ್ನು ಕಂಡರೆ ಮಾತ್ರ ನನಗೆ ಅನುಮಾನ. ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಜೋರಾಗಿ ಇಂಗ್ಲಿಷ್‌ನಲ್ಲಿ ಫೋನ್ ಮಾಡುತ್ತಿದ್ದರೆ, ಆಚೆ ಕಡೆ ನಿಜವಾಗಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದೆ. ಕಲ್ಯಾಣದ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿಯ ಸರ್ ಬಿಸಿ ಬಟಾಟೆ ಬಾಯಲ್ಲಿಟ್ಟುಕೊಂಡವರಂತೆ ಇಂಗ್ಲಿಷ್ ಆಡುತ್ತಿದ್ದರು. ಅವರ ತಾಯಿಯ ಫೋನ್ ಬಂದಾಗ ಮಾತ್ರ ಮರಾಠಿಯಲ್ಲಿ ಹಾಯಾಗಿ ನಕ್ಕರು. ಇವರಿಗೂ ಇದು ಸಾಲದ ಅಂಗಿಯೇ ಅಂದುಕೊಂಡೆ. ಆದರೂ ಅವರು ಕೊಟ್ಟ ಉತ್ತರಗಳನ್ನೆಲ್ಲ ಮಂತ್ರ ಕಲಿತಂತೆ, ಒಂದಕ್ಷರ ಆಚೀಚೆ ಆಗದ ಹಾಗೆ ಬಾಯಿಪಾಠ ಮಾಡಿದೆ.

ಮೊದಲ ಪರೀಕ್ಷೆ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ನನ್ನವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿದ್ದರು, ಮಗಳು ಶ್ರೇಯಾ ಅಡುಗೆಮನೆಯಲ್ಲಿದ್ದಳು. ಪರದೆಯ ಮೇಲೆ ಕನ್ನಡಕದ ಒಬ್ಬ ಮೇಡಂ. ನನ್ನ ಉತ್ತರಗಳು ನಲ್ಲಿ ನೀರಿನಂತೆ ಹೋಗುತ್ತಿದ್ದವು. ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮೇಡಂ ಹುಬ್ಬೇರಿಸಿ, ನಿಮ್ಮ ಜೊತೆ ಯಾರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಕುಟುಂಬದ ಬಗ್ಗೆ ಕಲಿತಿದ್ದ ಇಡೀ ಉತ್ತರ. ನಮ್ಮದು ಚಿಕ್ಕ, ಸುಖೀ ಸಂಸಾರ, ನಾವು ಒಬ್ಬರಿಗೊಬ್ಬರು ಸದಾ ನೆರವಾಗುತ್ತೇವೆ ಎಂದೆಲ್ಲ!

"ಪ್ಲೀಸ್ ಶೋ ಮಿ ದ ರೂಮ್" ಎಂದರು ಮೇಡಂ.

ಲ್ಯಾಪ್‌ಟಾಪ್ ಎತ್ತಿಕೊಂಡು ಕಪಾಟು, ಹಗ್ಗದ ಮೇಲಿನ ಒದ್ದೆ ಬಟ್ಟೆ, ಮಂಚದ ಅಡಿ, ಕೊನೆಗೆ ಕುಕ್ಕರಿನ ಮುಂದೆ ಬಾಯಿ ತೆರೆದು ನಿಂತ ಮಗಳನ್ನೂ ತೋರಿಸಿದೆ. ಊರನ್ನೆಲ್ಲ ಸಂಶಯಪಡುವವಳ ಮನೆಯನ್ನು ಇನ್ನೊಬ್ಬಳು ಹುಡುಕಿಸಿದಳು! ಫೇಲಾದೆ. ಉತ್ತರಗಳು ಸ್ವಂತದವಲ್ಲ ಎಂದು ಕಾರಣ ಕೊಟ್ಟಿದ್ದರು. ಅವಮಾನದಲ್ಲಿ ಆ ದಿನ ಊಟ ಸೇರಲಿಲ್ಲ. ಜೊತೆಯ ನರ್ಸ್ ಏನಾದರೂ ಚಾಡಿ ಹೇಳಿದಳೇ, ನನ್ನ ಜಾಗದ ಮೇಲೆ ಯಾರ ಕಣ್ಣಿದೆ ಎಂದು ತಲೆ ಕೊರೆಯಿತು. ಕೊನೆಗೆ ಸಂಶಯ ಶನಿದೇವರ ಮೇಲೇ ಹೋಯಿತು. "ಸ್ವಾಮೀ, ಇಷ್ಟು ವರ್ಷ ಎಣ್ಣೆ ಎರೆದದ್ದು ಇದಕ್ಕಾ? ನನ್ನನ್ನು ರೋಗಿಗಳ ಹತ್ತಿರ ಉಳಿಸು" ಎಂದು ಅಳುತ್ತಲೇ ಗದರಿಸಿದೆ.

ಎರಡನೇ ಪರೀಕ್ಷೆಗೆ ಮುಂಚಿನ ಶನಿವಾರ ಮಂದಿರದಲ್ಲಿ ಶನಿದೇವರ ಕಥೆಯ ಗ್ರಂಥ ಪಾರಾಯಣ. ನಮ್ಮ ಕ್ರಮ ನಿಮಗೆ ಗೊತ್ತೇ ಇದೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅಲ್ಲೇ ತಮ್ಮ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ್ಯದಲ್ಲಿ ಅಕ್ಷರ ತಪ್ಪಬಾರದು, ಅರ್ಥ ಮಾತ್ರ ಹೇಳುವವರ ಬಾಯಿಯದು. ಯಾವಾಗಲೂ ಅರ್ಥ ಹೇಳುವ ಹಿರಿಯರಾದ ಸಂಜೀವಣ್ಣ ಅವತ್ತು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ, ಅದೇ ಕೈಯನ್ನು ನನ್ನ ಕಡೆ ತೋರಿಸಿದರು.

ನನಗೆ ಕೂಡಲೇ ಅನುಮಾನ ಬಂತು. ಫೇಲಾದವಳು ಎಂದು ಗೊತ್ತಿದ್ದೇ ಆಡಿಕೊಳ್ಳುತ್ತಿದ್ದಾರೋ? ಆದರೆ ದೇವರ ಮುಂದೆ ಆಗುವುದಿಲ್ಲ ಎನ್ನುವುದು ಹೇಗೆ? ಹೋಗಿ ಕುಳಿತೆ. ಶನಿಯ ಕಾಟಕ್ಕೆ ಸಿಕ್ಕಿದ ರಾಜನ ತಲೆಗೆ ಮಾಡದ ಕಳ್ಳತನದ ಅಪವಾದ ಬರುವ ಭಾಗ. ಚಿಕ್ಕಂದಿನಿಂದ ಕೇಳಿದ ಅರ್ಥವನ್ನೇ ಒಪ್ಪಿಸತೊಡಗಿದೆ. ಎದುರು ಕೂತ ಇಂಗ್ಲಿಷ್ ಶಾಲೆಯ ಮಕ್ಕಳು ಆಕಳಿಸಿದರು. ಯಾರಿಗೂ ತಿಳಿಯುತ್ತಿಲ್ಲ, ಇಂಗ್ಲಿಷಿನಲ್ಲಿ ಹೇಳು ಎಂದು ಶ್ರೇಯಾ ಹಿಂದಿಯಲ್ಲಿ ಪಿಸುಗುಟ್ಟಿದಳು, "ಮಮ್ಮೀ, ಕಿಸೀ ಕೋ ಸಮಝ್ ನಹೀ ಆ ರಹಾ. ಇಂಗ್ಲಿಷ್ ಮೇ ಬೋಲ್ ನಾ."

ಸಂಜೀವಣ್ಣ ಹೇಳು ಹೇಳು ಎಂದು ತಲೆ ಆಡಿಸಿದರು. ಶನಿದೇವರ ಮುಂದೆ ನನ್ನ ಹರಕು ಇಂಗ್ಲಿಷ್! ಇದಕ್ಕೆ ಕ್ಲಾಸಿನ ಸರ್ ಉತ್ತರವನ್ನೂ ಬರೆದುಕೊಟ್ಟಿರಲಿಲ್ಲ. ರಾಜ ಬಡವನಾದ, ಒಬ್ಬ ಸಾಹುಕಾರ ಅವನನ್ನು ಮನೆಗೆ ಕರೆದ, ಗೋಡೆಯ ಚಿತ್ರದ ಹಕ್ಕಿ ಮುತ್ತಿನ ಹಾರ ನುಂಗಿತು ಎಂದು ಸಿಕ್ಕಿದ ಮಾತಿನಲ್ಲಿ ಹೇಳುತ್ತಾ ಹೋದೆ. ಮಾತು ಸಿಗದಲ್ಲಿ ಕೈಯಲ್ಲಿ ತೋರಿಸಿದೆ. ಯಾರೂ ನಂಬಲಿಲ್ಲ, ಮನೆಯೆಲ್ಲ ಹುಡುಕಿದರು ಎನ್ನುವಾಗ ನನ್ನ ಕಣ್ಣೇ ತುಂಬಿಬಂತು. ಅಲ್ಲಿಗೆ ನಿಲ್ಲಿಸಿದ್ದೇ, ಮಕ್ಕಳೆಲ್ಲ ಒಟ್ಟಿಗೆ, "ಫಿರ್? ಫಿರ್ ಕ್ಯಾ ಹುವಾ?" ಎಂದು ಮುಂದಿನ ಕಥೆ ಕೇಳಿದರು.

ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿ ಮರುದಿನ ಬೆಳಿಗ್ಗೆಯವರೆಗೆ ಮಾತ್ರ. ಮೀನು ಮಾರ್ಕೆಟಿನಲ್ಲಿ ಒಂದು ಗಂಡು ಧ್ವನಿ ಬಂಗುಡೆಗೆ ಚೌಕಾಸಿ ಮಾಡುತ್ತಾ ಇಡೀ ಸಾಲು ನಡುಗಿಸುತ್ತಿತ್ತು. ಹೋಗಿ ನೋಡಿದರೆ ಸಂಜೀವಣ್ಣ! ಮಫ್ಲರೂ ಇಲ್ಲ, ಕಟ್ಟಿದ ಗಂಟಲೂ ಇಲ್ಲ. ಮೈ ಉರಿದುಹೋಯಿತು. ಮಾತಾಡಿಸದೆ ಮನೆಗೆ ಬಂದೆ.

ಆ ಸಿಟ್ಟಿನಲ್ಲೇ ಎರಡನೇ ಪರೀಕ್ಷೆಗೆ ಕುಳಿತೆ. ಈ ಸಲ ಬೇರೆ ಮೇಡಂ. ಕುಕ್ಕರ್ ಮುಟ್ಟಬೇಡ ಎಂದು ಶ್ರೇಯಾಳಿಗೆ ಆಣೆ ಹಾಕಿಸಿದ್ದೆ. ಯಾರೂ ನಿಮ್ಮನ್ನು ನಂಬದಿದ್ದ ಒಂದು ಸಂದರ್ಭ ಹೇಳಿ ಎಂದರು ಮೇಡಂ. ಕಲಿತ ಉತ್ತರಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದೆ. ಯಾವುದೂ ಹೊಂದಲಿಲ್ಲ. ನೆಲಮಾಳಿಗೆಯ ಕತ್ತರಿಗಳು ಕಣ್ಣ ಮುಂದೆ ಬಂದವು. ಸ್ವಾಮೀ, ಇನ್ನು ನಿನ್ನಿಷ್ಟ ಎಂದುಕೊಂಡು ಬಾಯಿ ತೆರೆದೆ.

ಹೋದ ಪರೀಕ್ಷೆಯಲ್ಲಿ ನಿಮ್ಮವರೇ ನನ್ನನ್ನು ನಂಬಲಿಲ್ಲ ಎಂದು ಶುರು ಮಾಡಿದೆ. ಕುಕ್ಕರ್ ಸೀಟಿ, ಸುಖೀ ಸಂಸಾರ, ಮಂಚದ ಅಡಿ, ಎಲ್ಲ ಹೇಳಿದೆ. ತಪ್ಪುಗಳು ಸಾಲುಗಟ್ಟಿ ಬರುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಮಗಳ ಮುಖವನ್ನು ಲ್ಯಾಪ್‌ಟಾಪಿಗೆ ತೋರಿಸಿದ ಜಾಗದಲ್ಲಿ ಉಸಿರು ತೆಗೆದುಕೊಳ್ಳಲು ನಿಂತೆ.

ಮೇಡಂ ಪೆನ್ನು ಕೆಳಗಿಟ್ಟು ಪರದೆಯ ಹತ್ತಿರಕ್ಕೆ ಬಂದರು. "ದೆನ್? ವಾಟ್ ಹ್ಯಾಪನ್ಡ್ ದೆನ್?"

ಬಂಧುಗಳೇ, ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು. ಆಮೇಲೇನಾಯಿತು ಎಂಬ ಮಂದಿರದ ಮಕ್ಕಳ ಪ್ರಶ್ನೆಯೇ ಅದು! ಪಾಸಾದೆ. ತಪ್ಪುಗಳು ಬಹಳ, ಆದರೆ ಹೇಳಿದ್ದೆಲ್ಲ ತಿಳಿಯುತ್ತದೆ ಎಂದು ಬರೆದಿದ್ದರು. ಮರುದಿನ ವಾರ್ಡಿಗೆ ಹೋಗಿ ಒಬ್ಬೊಬ್ಬ ರೋಗಿಯ ಮುಖವನ್ನೂ ಕಣ್ತುಂಬ ನೋಡಿದೆ.

ಶನಿವಾರ ಎಳ್ಳೆಣ್ಣೆ ತಕ್ಕೊಂಡು ಮಂದಿರಕ್ಕೆ ಹೋದೆ. ಬಾಗಿಲಲ್ಲೇ ಸಂಜೀವಣ್ಣ ಸಿಕ್ಕರು.

"ಸಂಜೀವಣ್ಣ, ನಿಜ ಹೇಳಿ. ಹೋದ ಶನಿವಾರ ನಿಮ್ಮ ಗಂಟಲು ಕಟ್ಟಿತ್ತಾ?"

"ಎಂತ ಮಾರಾಯ್ತಿ ನಿಂದು? ಶನಿವಾರ ಕಟ್ಟಿತ್ತು, ಆದಿತ್ಯವಾರ ಬಿಟ್ಟಿತು. ಅದಕ್ಕೂ ನಿಂಗೆ ಡಾಕ್ಟ್ರ ಸರ್ಟಿಫಿಕೇಟ್ ಬೇಕಾ?"

"ಸರ್ಟಿಫಿಕೇಟ್ ಬೇಡ. ಬಾಯಿ ತೆರೀರಿ, ನಾನೇ ನೋಡ್ತೇನೆ" ಎಂದು ಚೀಲದಿಂದ ವಾರ್ಡಿನ ಟಾರ್ಚ್ ತೆಗೆದೆ.

ಅವರು ತುಟಿ ಬಿಗಿದುಕೊಂಡರು. ಅವತ್ತಿನ ಹಾಗೆಯೇ ಕೈ ಎತ್ತಿದರು. ಈ ಸಲ ತೋರಿಸಿದ್ದು ನನ್ನನ್ನಲ್ಲ, ಒಳಗೆ ಉರಿಯುತ್ತಿದ್ದ ದೀಪವನ್ನು.

ಅವರ ಗಂಟಲು ಕಟ್ಟಿತ್ತೋ, ಕಟ್ಟಿದಂತೆ ನಟಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಟ್ಟಿಸಿದ್ದಾದರೂ ಆ ಸ್ವಾಮಿಯೇ, ನಟಿಸುವ ಬುದ್ಧಿ ಕೊಟ್ಟದ್ದಾದರೂ ಅವನೇ. ಎಲ್ಲರನ್ನೂ ಸಂಶಯಪಡುವ ನಾನು ಅವತ್ತು ಟಾರ್ಚ್ ಆರಿಸಿ ಚೀಲಕ್ಕೆ ಹಾಕಿ, ಒಳಗೆ ಹೋಗಿ ದೀಪಕ್ಕೆ ಎಣ್ಣೆ ಎರೆದೆ.